ಬಸ್ಸಿಗೆ ಮೊದಲು ಪುಸ್ತಕ: ಸಣ್ಣ ಗ್ರಂಥಾಲಯದಲ್ಲಿ ಸೆಲ್ಫ್ ಚೆಕ್ಔಟ್ ಶುರು ಮಾಡುವ ಬಗೆ

ಸಂಜೆ 4 ಗಂಟೆಗೆ ನಮ್ಮ ಕೌಂಟರ್ ಮುಂದೆ ನಿಂತು ನೋಡಬೇಕಿತ್ತು. ಬಾಗಲಕೋಟೆ ನವನಗರದ ಕಾಲೇಜು ನಮ್ಮದು. ಅರ್ಧಕ್ಕರ್ಧ ವಿದ್ಯಾರ್ಥಿಗಳು ಬೀಳಗಿ, ಕಲಾದಗಿ, ಬಾದಾಮಿ, ಹುನಗುಂದ ಕಡೆಯ ಹಳ್ಳಿಗಳಿಂದ ಬರುವವರು. ಕೊನೆಯ ಕ್ಲಾಸ್ ಬಿಟ್ಟ ಕೂಡಲೇ ಎಲ್ಲರೂ ಒಂದೇ ಸಲ ಗ್ರಂಥಾಲಯಕ್ಕೆ ನುಗ್ಗುತ್ತಿದ್ದರು. ಕೈಯಲ್ಲಿ ಪುಸ್ತಕ, ಕಣ್ಣು ಗೋಡೆ ಗಡಿಯಾರದ ಮೇಲೆ. "ಸರ, ಬಸ್ ಹೊಕ್ಕೈತ್ರಿ, ಲಗೂ ಬರಕೋರಿ." ನಾನು ಒಬ್ಬ, ರಿಜಿಸ್ಟರ್ ಒಂದು. ಎಷ್ಟೋ ಸಲ ಪುಸ್ತಕವನ್ನು ಕೌಂಟರ್ ಮೇಲೇ ಬಿಟ್ಟು ಓಡಿಹೋಗಿದ್ದಾರೆ.

ಈಗ ಅವರೇ ಕಾರ್ಡ್ ತೋರಿಸುತ್ತಾರೆ, ಪುಸ್ತಕ ತೋರಿಸುತ್ತಾರೆ, ಹೋಗುತ್ತಾರೆ. ನೋಡಲು ಬಂದ ಬೇರೆ ಕಾಲೇಜಿನವರು ಮೊದಲು ಕೇಳುವುದು "ಮಷೀನ್ ಯಾವುದು, ಎಷ್ಟಾಯ್ತು?" ಅಂತ. ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ನಮ್ಮಲ್ಲಿ ಮಷೀನ್ ಅಂತ ಇರುವುದು ಲ್ಯಾಬ್‌ನವರು ಬಿಟ್ಟ ಒಂದು ಹಳೇ ಕಂಪ್ಯೂಟರ್ ಮತ್ತು ಒಂದು ಸ್ಕ್ಯಾನರ್, ಅಷ್ಟೇ. ಕೌಂಟರ್‌ನಲ್ಲಿ ಮನುಷ್ಯ ಕೂತಿದ್ದರೆ ಕ್ಯಾಟಲಾಗ್‌ನ ನೂರು ತಪ್ಪನ್ನು ಅವನು ನೆನಪಿನಿಂದಲೇ ಮುಚ್ಚುತ್ತಾನೆ. ಮಷೀನ್ ಮುಚ್ಚುವುದಿಲ್ಲ, ಎಲ್ಲರ ಮುಂದೆ ಎತ್ತಿ ತೋರಿಸುತ್ತದೆ. ಅದಕ್ಕೇ ಈ ಬರಹದಲ್ಲಿ ಮಷೀನ್ ಬರುವುದು ತಡವಾಗಿ.

ಬಾರ್‌ಕೋಡ್ ಸಾಕೋ, ಆರ್‌ಎಫ್‌ಐಡಿ ಬೇಕೋ?

ಇದನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಿ. ಬಾರ್‌ಕೋಡ್ ಎಂದರೆ ಗೆರೆಗಳ ಚೀಟಿ. ಒಂದೊಂದೇ ಪುಸ್ತಕ ಸ್ಕ್ಯಾನರ್ ಮುಂದೆ ಹಿಡಿಯಬೇಕು. ಆರ್‌ಎಫ್‌ಐಡಿಯಲ್ಲಿ ಪುಸ್ತಕದೊಳಗೆ ತೆಳ್ಳಗಿನ ಟ್ಯಾಗ್ ಅಂಟಿಸುತ್ತೇವೆ. ಮೂರು ನಾಲ್ಕು ಪುಸ್ತಕ ಒಟ್ಟಿಗೆ ಇಟ್ಟರೂ ಓದುತ್ತದೆ, ಬಾಗಿಲಲ್ಲಿ ಗೇಟ್ ಹಾಕಿದರೆ ಇಶ್ಯೂ ಆಗದ ಪುಸ್ತಕ ಹೊರಗೆ ಹೋದಾಗ ಕೂಗುತ್ತದೆ. ಅನುಕೂಲ ಜಾಸ್ತಿ, ಖರ್ಚೂ ಜಾಸ್ತಿ. ಟ್ಯಾಗ್ ಪ್ರತಿ ಪುಸ್ತಕಕ್ಕೂ ಬೇಕು, ಹೊಸ ಪುಸ್ತಕ ಬಂದಾಗಲೆಲ್ಲ ಬೇಕು ಎನ್ನುವುದನ್ನು ಬಜೆಟ್ ಬರೆಯುವಾಗ ಮರೆಯುತ್ತಾರೆ.

ನನ್ನ ಅಭಿಪ್ರಾಯ ಕೇಳಿದರೆ, ಹತ್ತು ಹದಿನೈದು ಸಾವಿರ ಪುಸ್ತಕಗಳ ಗ್ರಂಥಾಲಯಕ್ಕೆ ಬಾರ್‌ಕೋಡ್‌ನಿಂದಲೇ ಶುರು ಮಾಡಿ. ಬಾರ್‌ಕೋಡ್‌ಗೆ ಮಾಡಿದ ಕೆಲಸ ಯಾವುದೂ ಹಾಳಾಗುವುದಿಲ್ಲ. ನಾಳೆ ಟ್ಯಾಗ್ ಹಾಕುವಾಗ ಅದೇ ಬಾರ್‌ಕೋಡ್ ಸ್ಕ್ಯಾನ್ ಮಾಡಿ, ಅದೇ ನಂಬರನ್ನು ಟ್ಯಾಗ್‌ಗೆ ಬರೆಯುತ್ತಾರೆ.

ಸಾಫ್ಟ್‌ವೇರ್

ಗ್ರಂಥಾಲಯ ನಡೆಸುವ ಸಾಫ್ಟ್‌ವೇರ್‌ಗಳಲ್ಲಿ ನಾವು ಆರಿಸಿದ್ದು ಕೋಹಾ. ಇದು ನ್ಯೂಜಿಲೆಂಡ್‌ನ ಒಂದು ಸಣ್ಣ ಊರಿನ ಗ್ರಂಥಾಲಯಕ್ಕಾಗಿ ಹುಟ್ಟಿದ್ದು. 1999ರಲ್ಲಿ ಬರೆದರು, 2000ದ ಜನವರಿಯಲ್ಲಿ ಬಳಕೆಗೆ ಬಂತು. ಹೆಸರು ಮಾವೋರಿ ಭಾಷೆಯದು, ಕಾಣಿಕೆ ಅಂತ ಅರ್ಥ. ಹೆಸರಿಗೆ ತಕ್ಕಂತೆ ದುಡ್ಡಿಲ್ಲ. ಉಬುಂಟು ಅಥವಾ ಡೆಬಿಯನ್ ಲಿನಕ್ಸ್ ಮೇಲೆ ನಡೆಯುತ್ತದೆ. ವರ್ಷಕ್ಕೆ ಎರಡು ಸಲ, ಮೇ ಮತ್ತು ನವೆಂಬರ್‌ನಲ್ಲಿ, ಹೊಸ ಆವೃತ್ತಿ ಬರುತ್ತದೆ. ಬಂದ ದಿನವೇ ಹಾಕಿಕೊಳ್ಳಲು ಹೋಗಬೇಡಿ. ನಾಲ್ಕಾರು ತಿಂಗಳು ಕಳೆದು, ಬೇಸಿಗೆ ರಜೆಯಲ್ಲಿ ಹಾಕಿ.

ಇಂಟರ್‌ನೆಟ್ ಇಲ್ಲದಿದ್ದರೂ ಒಳಗಿನ ನೆಟ್‌ವರ್ಕ್‌ನಲ್ಲೇ ನಡೆಯುತ್ತದೆ ಎನ್ನುವುದು ನಮಗೆ ದೊಡ್ಡ ಅನುಕೂಲ. ಸರ್ವರ್‌ಗೆ 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರುವ ಸಾಧಾರಣ ಕಂಪ್ಯೂಟರ್ ಸಾಕು. ಲಿನಕ್ಸ್ ಬರುವುದಿಲ್ಲ ಎಂದು ಹೆದರಬೇಡಿ. ಕಂಪ್ಯೂಟರ್ ಸೈನ್ಸ್ ವಿಭಾಗದ ಹುಡುಗರಿಗೆ ಒಂದು ದಿನದ ಕೆಲಸ ಅದು. ಖುಷಿಯಿಂದ ಮಾಡಿಕೊಡುತ್ತಾರೆ, ಚಹಾ ಮಿರ್ಚಿ ನಿಮ್ಮ ಲೆಕ್ಕದಲ್ಲಿ. ಆದರೆ ಪಾಸ್‌ವರ್ಡ್‌ಗಳನ್ನೆಲ್ಲ ಅವತ್ತೇ ಒಂದು ಹಾಳೆಯಲ್ಲಿ ಬರೆಸಿ ಕಪಾಟಿನಲ್ಲಿ ಬೀಗ ಹಾಕಿಡಿ. ಫೈನಲ್ ಇಯರ್ ಹುಡುಗರು ಮುಂದಿನ ವರ್ಷ ಸಿಗುವುದಿಲ್ಲ ನೋಡಿ.

ನಿಮ್ಮಲ್ಲಿ ಈಗಾಗಲೇ ಇನ್‌ಫ್ಲಿಬ್‌ನೆಟ್‌ನ ಸೋಲ್ ಅಥವಾ ಎನ್‌ಐಸಿಯ ಇ-ಗ್ರಂಥಾಲಯ ಎಂಬ ಸಾಫ್ಟ್‌ವೇರ್ ಚೆನ್ನಾಗಿ ನಡೆಯುತ್ತಿದ್ದರೆ ಸುಮ್ನೆ ಬದಲಾಯಿಸಬೇಡಿ. ಅದಕ್ಕೆ ಕಿಯೋಸ್ಕ್ (ಓದುಗರೇ ಪುಸ್ತಕ ಬರೆದುಕೊಳ್ಳುವ ಕಂಪ್ಯೂಟರ್) ಜೋಡಿಸಲು ಬರುತ್ತದೆಯೇ ಎಂದು ಅವರ ಸಹಾಯ ವಿಭಾಗದವರನ್ನೇ ಕೇಳಿ. ಮುಂದೆ ನಾನು ಹೇಳುವ ಸೆಟ್ಟಿಂಗ್‌ಗಳು ಕೋಹಾದ್ದು. ಉಳಿದ ಕೆಲಸ ಯಾವ ಸಾಫ್ಟ್‌ವೇರ್ ಆದರೂ ಒಂದೇ.

ರಿಜಿಸ್ಟರ್ ಮತ್ತು ಕಪಾಟು ಕೂಡಿಸುವುದು

ಕಂಪ್ಯೂಟರ್ ಮುಟ್ಟುವ ಮೊದಲು ಅಕ್ಸೆಶನ್ ರಿಜಿಸ್ಟರ್ (ಪ್ರತಿ ಪುಸ್ತಕಕ್ಕೂ ನಂಬರ್ ಕೊಟ್ಟು ಬರೆದಿಟ್ಟ ಪಟ್ಟಿ) ಹಿಡಿದು ಕಪಾಟಿನ ಮುಂದೆ ನಿಲ್ಲಿ. ಪ್ರತಿ ಪುಸ್ತಕದ ನಂಬರ್ ನೋಡಿ ಟಿಕ್ ಹಾಕಿ. ಮೂರು ತರದ ತೊಂದರೆ ಸಿಗುತ್ತವೆ: ರಿಜಿಸ್ಟರ್‌ನಲ್ಲಿದೆ ಕಪಾಟಿನಲ್ಲಿಲ್ಲ, ಕಪಾಟಿನಲ್ಲಿದೆ ರಿಜಿಸ್ಟರ್‌ನಲ್ಲಿಲ್ಲ, ಎರಡು ಪುಸ್ತಕಕ್ಕೆ ಒಂದೇ ನಂಬರ್. ಮೂರನೆಯದು ತುಂಬ ಕಾಡುತ್ತದೆ. ಬಾರ್‌ಕೋಡ್ ಒಂದಕ್ಕೆ ಒಂದೇ ಇರಬೇಕು, ಎರಡನೆಯದನ್ನು ಕೋಹಾ ತೆಗೆದುಕೊಳ್ಳುವುದೇ ಇಲ್ಲ. ನಮ್ಮಲ್ಲಿ ದಾನವಾಗಿ ಬಂದ ಪುಸ್ತಕಗಳಿಗೆ ಬೇರೆ ರಿಜಿಸ್ಟರ್ ಇತ್ತು, ಅದೂ 1ರಿಂದಲೇ ಶುರುವಾಗಿತ್ತು. ಯಾರು ಮಾಡಿದ್ದೋ ಗೊತ್ತಿಲ್ಲ, ಅನುಭವಿಸಿದ್ದು ನಾವು. ಅವುಗಳ ನಂಬರ್ ಮುಂದೆ 'ಡಿ' ಸೇರಿಸಿ ಬಿಡಿಸಿಕೊಂಡೆವು.

ಇದೇ ಹೊತ್ತಿನಲ್ಲಿ ಹಳೇ ಸಿಲೆಬಸ್ಸಿನ ಗೈಡ್‌ಗಳು, ಗೆದ್ದಲು ಹಿಡಿದವು, ಅರ್ಧ ಪುಟ ಹೋದವು, ಇವನ್ನೆಲ್ಲ ಬೇರೆ ಮಾಡಿ. ರದ್ದು ಮಾಡಲು ಕಮಿಟಿ ಒಪ್ಪಿಗೆ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಒಪ್ಪಿಗೆ ಬರುವವರೆಗೆ ಒಂದು ಕೋಣೆಯಲ್ಲಿಡಿ. ಲೇಬಲ್ ಅಂಟಿಸಿ ಆಮೇಲೆ ರದ್ದು ಮಾಡುವುದು ಎರಡು ಸಲದ ಕೆಲಸ.

ಎಷ್ಟು ದಿನ ಬೇಕು? ಇಬ್ಬರು ಕೂತು ದಿನಕ್ಕೆ 150 ಪುಸ್ತಕದ ಮಾಹಿತಿ ಹಾಕಿದರೆ 12,000 ಪುಸ್ತಕಕ್ಕೆ 80 ಕೆಲಸದ ದಿನ. ಪರೀಕ್ಷೆ, ಕಾಲೇಜಿನ ಗುಣಮಟ್ಟ ನೋಡುವ ನ್ಯಾಕ್‌ನವರ ಭೇಟಿ, ಚುನಾವಣಾ ಡ್ಯೂಟಿ ಸೇರಿಸಿದರೆ ಒಂದು ಪೂರ್ತಿ ಶೈಕ್ಷಣಿಕ ವರ್ಷ ಅಂತ ಇಟ್ಟುಕೊಳ್ಳಿ. ಪ್ರಿನ್ಸಿಪಾಲರಿಗೆ ಎರಡು ತಿಂಗಳಲ್ಲಿ ಮುಗಿಸುತ್ತೇನೆ ಅಂತ ಮಾತು ಕೊಡಬೇಡಿ. ನಾನು ಕೊಟ್ಟಿದ್ದೆ.

ಕನ್ನಡ ಪುಸ್ತಕಗಳ ಪಾಡು

ಇಂಗ್ಲಿಷ್ ಪುಸ್ತಕದ ಕೆಲಸ ಬೇಗ ಆಗುತ್ತದೆ. ಪುಸ್ತಕದ ಮೇಲಿನ ಐಎಸ್‌ಬಿಎನ್ ಎಂಬ ಗುರುತು ಸಂಖ್ಯೆ ಹಾಕಿದರೆ ಝಡ್ 39.50 ಎಂಬ ವ್ಯವಸ್ಥೆಯ ಮೂಲಕ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಿಂದಲೇ ದಾಖಲೆ ಇಳಿಸಿಕೊಳ್ಳಬಹುದು. ಕನ್ನಡದ ಹಳೇ ಪುಸ್ತಕಕ್ಕೆ ಐಎಸ್‌ಬಿಎನ್ನೇ ಇರುವುದಿಲ್ಲ. ಕೈಯಿಂದ ಹಾಕಬೇಕು. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಎಡವಿದರೆ ಮುಂದೆ ಹುಡುಕಿದ ಪುಸ್ತಕ ಸಿಗುವುದಿಲ್ಲ.

ನಮ್ಮ ಹತ್ತಿರ ಹಳೆಯ ಎಕ್ಸೆಲ್ ಪಟ್ಟಿ ಇತ್ತು. ಹಿಂದಿನವರು ನುಡಿಯಲ್ಲಿ ಟೈಪ್ ಮಾಡಿಟ್ಟಿದ್ದರು. ನೋಡಿ ಖುಷಿಯಾಯಿತು, ಅರ್ಧ ಕೆಲಸ ಮುಗಿದಂತೆ ಎಂದುಕೊಂಡೆ. ಕೋಹಾಗೆ ಹಾಕಿದರೆ ಎಲ್ಲವೂ ಅರ್ಥವಿಲ್ಲದ ಗುರುತುಗಳು. ಆ ಹಳೇ ನುಡಿ, ಬರಹ ಫಾಂಟ್‌ಗಳು ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತವನ್ನೇ ಇಟ್ಟುಕೊಂಡು ಮೇಲೆ ಕನ್ನಡದ ರೂಪ ತೋರಿಸುತ್ತವೆ. ಫಾಂಟ್ ತೆಗೆದರೆ ಕನ್ನಡ ಹೋಯಿತು. ಮೊದಲು ಯೂನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರಗಳಿಗೆ ಅವುಗಳದೇ ಸಂಕೇತ ಇರುವ ಪದ್ಧತಿಗೆ, ಬದಲಾಯಿಸಿಕೊಳ್ಳಬೇಕು. ಅದಕ್ಕೆ ಉಚಿತ ಪರಿವರ್ತಕಗಳಿವೆ. ಬದಲಾದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಪದಗಳನ್ನು ಕಣ್ಣಾರೆ ನೋಡಿ. ಧರ್ಮ, ಕರ್ನಾಟಕ, ಸ್ವಾತಂತ್ರ್ಯ, ಇಂಥವು ಸರಿ ಬಂದಿದ್ದರೆ ಉಳಿದದ್ದು ಬಹುತೇಕ ಸರಿ ಇರುತ್ತದೆ.

ಇನ್ನೊಂದು ಕಣ್ಣಿಗೆ ಕಾಣದ ಕಾಟ. 'ಕುಮಾರ್' ಅಂತ ಟೈಪ್ ಮಾಡುವಾಗ ಕೆಲವು ಕೀಬೋರ್ಡ್‌ಗಳು ಕೊನೆಯ ಅರ್ಧ 'ರ್' ನಂತರ ಕಾಣದ ಒಂದು ಜೋಡಣೆ ತಡೆಯುವ ಅಕ್ಷರ ಸೇರಿಸಿಬಿಡುತ್ತವೆ. ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 200ಸಿ. ಪರದೆ ಮೇಲೆ ಎರಡೂ 'ಕುಮಾರ್' ಒಂದೇ ತರ ಕಾಣುತ್ತವೆ. ಕಂಪ್ಯೂಟರಿಗೆ ಅವು ಬೇರೆ ಬೇರೆ ಪದ. ಹಾಗಾಗಿ ಪಟ್ಟಿಯನ್ನು ಕೋಹಾಗೆ ಸೇರಿಸುವ ಮೊದಲು ಲಿಬ್ರೆಆಫೀಸ್‌ನಲ್ಲಿ ತೆರೆದು, ಪದದ ಕೊನೆಯಲ್ಲಿರುವ ಈ ಅಕ್ಷರವನ್ನು ಹುಡುಕಿ ಅಳಿಸಿ. ಪದದ ಮಧ್ಯದಲ್ಲಿದ್ದರೆ ಬಿಡಿ, ಅಲ್ಲಿ ಅದು ಬೇಕಾಗಿಯೇ ಇರುತ್ತದೆ.

ಕೋಹಾದ ಒಳಗಿನ ಹುಡುಕಾಟದ ಭಾಗಕ್ಕೆ ಝೀಬ್ರಾ ಅಂತ ಹೆಸರು. ಅದರಲ್ಲಿ ಪದಗಳನ್ನು ಬಿಡಿಸುವ ಎರಡು ವಿಧಾನಗಳಿವೆ, ಸಿಎಚ್‌ಆರ್ ಮತ್ತು ಐಸಿಯು. ಕನ್ನಡಕ್ಕೆ ಐಸಿಯು ಬೇಕು. ಇನ್‌ಸ್ಟಾಲ್ ಮಾಡುವ ಹುಡುಗರಿಗೆ ಇದನ್ನು ಮೊದಲೇ ಹೇಳಿ. ಬದಲಾಯಿಸಿದ ಮೇಲೆ ಇಂಡೆಕ್ಸ್ ಪೂರ್ತಿ ಹೊಸದಾಗಿ ಕಟ್ಟಿಸಬೇಕು, ಇಲ್ಲದಿದ್ದರೆ ಬದಲಾಯಿಸಿಯೂ ಪ್ರಯೋಜನವಿಲ್ಲ.

ಇನ್ನು ಹೆಸರುಗಳ ವಿಷಯ. ದ.ರಾ. ಬೇಂದ್ರೆ, ಬೇಂದ್ರೆ ದ.ರಾ., ಅಂಬಿಕಾತನಯದತ್ತ, ಮೂವರೂ ಒಬ್ಬರೇ ಅಂತ ನಮಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಪುಸ್ತಕಕ್ಕೂ ಹೀಗೇ. ನಮ್ಮ ಮುಧೋಳದ ರನ್ನನ ಗದಾಯುದ್ಧಕ್ಕೆ ಸಾಹಸಭೀಮವಿಜಯ ಅಂತಲೂ ಹೆಸರು. ಎರಡು ಆವೃತ್ತಿ ಎರಡು ಹೆಸರಲ್ಲಿ ಕೂತರೆ, ಒಂದನ್ನು ಹುಡುಕಿದವನಿಗೆ ಇನ್ನೊಂದು ಇರುವುದೇ ತಿಳಿಯುವುದಿಲ್ಲ. ಕೋಹಾದಲ್ಲಿ ಅಥಾರಿಟಿ ದಾಖಲೆ ಅಂತ ಇದೆ. ಒಂದು ಹೆಸರನ್ನು ಮುಖ್ಯ ಮಾಡಿ ಉಳಿದವನ್ನು ಅದಕ್ಕೆ ಕಟ್ಟಬಹುದು. ಎಲ್ಲ ಲೇಖಕರಿಗೂ ಮಾಡಲು ಹೋಗಬೇಡಿ, ಮುಗಿಯುವುದಿಲ್ಲ. ಕಾವ್ಯನಾಮ ಇರುವವರು ಮತ್ತು ನಿಮ್ಮಲ್ಲಿ ಹತ್ತಕ್ಕಿಂತ ಜಾಸ್ತಿ ಪುಸ್ತಕ ಇರುವ ಲೇಖಕರು, ಇಷ್ಟು ಜನಕ್ಕೆ ಮಾಡಿ.

ವರ್ಗೀಕರಣ ಸಂಖ್ಯೆ ಇದ್ದದ್ದನ್ನೇ ಮುಂದುವರಿಸಿ. ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯ 894.814, ಮರಾಠಿ ಸಾಹಿತ್ಯ 891.46. ಜಮಖಂಡಿ ಕಡೆಯ ಹಳೇ ಮನೆಗಳಿಂದ ದಾನವಾಗಿ ಬಂದ ಪುಸ್ತಕಗಳಲ್ಲಿ ಮರಾಠಿಯವು ಬಹಳ ಇದ್ದವು. ಲಿಪಿ ಓದಲು ಬಾರದ ಸಹಾಯಕ ಅವನ್ನೆಲ್ಲ ಹಿಂದಿ ಕಪಾಟಿಗೆ ಸೇರಿಸಿದ್ದ.

ಲೇಬಲ್ ಅಂಟಿಸುವ ಶಾಸ್ತ್ರ

ಬಾರ್‌ಕೋಡ್ ನಂಬರ್ ಎಲ್ಲಕ್ಕೂ ಒಂದೇ ಉದ್ದ ಇರಲಿ. 47 ಅನ್ನುವುದು 00047 ಆಗಲಿ. ಸಂಕೇತ ಕೋಡ್ 39 ಅಥವಾ ಕೋಡ್ 128, ಯಾವುದಾದರೂ ನಡೆಯುತ್ತದೆ. ಕೋಡ್ 128ರಲ್ಲಿ ಅಷ್ಟೇ ಅಂಕಿಗೆ ಜಾಗ ಕಡಿಮೆ ಸಾಕು. ಗೆರೆ ಕಪ್ಪು, ಹಿನ್ನೆಲೆ ಬಿಳಿ. ಚೆಂದ ಕಾಣಲಿ ಎಂದು ಕಾಲೇಜಿನ ಬಣ್ಣದಲ್ಲಿ ಕೆಂಪು ಗೆರೆ ಪ್ರಿಂಟ್ ಮಾಡಿಸಿದರೆ ಲೇಸರ್ ಸ್ಕ್ಯಾನರ್‌ನ ಕೆಂಪು ಬೆಳಕಿಗೆ ಅದು ಕಾಣುವುದೇ ಇಲ್ಲ.

ಈಗ ನಾನು ಮಾಡಿಕೊಂಡ ಎಡವಟ್ಟು. ಮೊದಲ ಎರಡು ಸಾವಿರ ಲೇಬಲ್‌ಗಳನ್ನು ಅಂಗಡಿಯ ಬಿಲ್ ಬರುತ್ತದಲ್ಲ, ಅಂಥ ಪ್ರಿಂಟರ್‌ನಲ್ಲಿ ತೆಗೆಸಿದ್ದೆ. ಕೊಟ್ಟವರು "ಇಂಕೇ ಬೇಡ ಸರ್" ಅಂದರು. ಇಂಕ್ ಯಾಕೆ ಬೇಡ ಎಂದರೆ ಆ ಕಾಗದ ಶಾಖಕ್ಕೆ ಕಪ್ಪಾಗುತ್ತದೆ. ನಮ್ಮ ಊರಿನ ಏಪ್ರಿಲ್ ಮೇ ಗೊತ್ತಲ್ಲ, 40 ಡಿಗ್ರಿ ದಾಟುತ್ತದೆ. ಪಶ್ಚಿಮದ ಕಿಟಕಿ ಪಕ್ಕದ ಕಪಾಟಿನ ಲೇಬಲ್‌ಗಳು ರಜೆ ಮುಗಿಯುವಷ್ಟರಲ್ಲಿ ಕೆಲವು ಮಸುಕಾಗಿ, ಕೆಲವು ಬೂದಿ ಬಣ್ಣಕ್ಕೆ ತಿರುಗಿದ್ದವು. ಎಲ್ಲ ಕಿತ್ತು ಮತ್ತೆ ಅಂಟಿಸಿದೆವು. ರಿಬ್ಬನ್ ಬಳಸುವ ಥರ್ಮಲ್ ಟ್ರಾನ್ಸ್‌ಫರ್ ಪ್ರಿಂಟರ್ ಆದರೆ ಈ ತೊಂದರೆ ಇಲ್ಲ. ಅದಿಲ್ಲದಿದ್ದರೆ ಸಾಧಾರಣ ಲೇಸರ್ ಪ್ರಿಂಟರ್‌ನಲ್ಲಿ ಸ್ಟಿಕರ್ ಹಾಳೆ ಹಾಕಿ ತೆಗೆಯಿರಿ, ಚೆನ್ನಾಗಿ ಬಾಳುತ್ತದೆ. ಇಂಕ್‌ಜೆಟ್ ಬೇಡ, ಒದ್ದೆ ಕೈ ತಾಗಿದರೆ ಹರಡುತ್ತದೆ.

ಎಲ್ಲಿ ಅಂಟಿಸಬೇಕು? ಕೌಂಟರ್‌ನಲ್ಲಿ ನೀವೇ ಸ್ಕ್ಯಾನ್ ಮಾಡುವುದಾದರೆ ಒಳಪುಟದಲ್ಲಿದ್ದರೂ ನಡೆಯುತ್ತದೆ. ಓದುಗರೇ ಮಾಡುವಾಗ ಹೊರಗೆ, ಮುಂಭಾಗದ ರಕ್ಷಾಪುಟದ ಮೇಲ್ಭಾಗದಲ್ಲಿ, ಎಲ್ಲ ಪುಸ್ತಕಕ್ಕೂ ಒಂದೇ ಜಾಗದಲ್ಲಿ ಇರಬೇಕು. ಅದೇ ನಂಬರ್‌ನ ಇನ್ನೊಂದು ಲೇಬಲ್ ಒಳಗೆ, ನೀವು ಗೊತ್ತು ಮಾಡಿದ ಒಂದು ಪುಟದಲ್ಲಿ. ಹೊರಗಿನದು ಕಿತ್ತುಹೋದರೆ ಒಳಗಿನದು ಕೈ ಹಿಡಿಯುತ್ತದೆ. ಮೇಲೆ ಪಾರದರ್ಶಕ ಟೇಪ್ ಹಾಕಿ, ಆದರೆ ತುಂಬಾ ಮಿಂಚುವುದು ಬೇಡ, ಬೆಳಕು ಹಿಂದಕ್ಕೆ ಹೊಡೆದು ಸ್ಕ್ಯಾನರ್ ತಡವರಿಸುತ್ತದೆ. ಅಂಟಿಸಿದ ಕೂಡಲೇ ಒಮ್ಮೆ ಸ್ಕ್ಯಾನ್ ಮಾಡಿ, ಪರದೆ ಮೇಲಿನ ಹೆಸರೂ ಕೈಯಲ್ಲಿರುವ ಪುಸ್ತಕವೂ ಒಂದೇನಾ ನೋಡಿ. ಒಂದು ಲೇಬಲ್ ಹಿಂದೆ ಮುಂದೆ ಆದರೆ ಆ ಸಾಲಿನ ಎಲ್ಲವೂ ತಪ್ಪುತ್ತವೆ. ಹಾಗೆ ಆದದ್ದು ಐವತ್ತು ಪುಸ್ತಕ ದಾಟಿದ ಮೇಲೆ ಗೊತ್ತಾಗುತ್ತದೆ, ಯಾವಾಗಲೂ.

ಸದಸ್ಯರ ಕಾರ್ಡ್

ರೋಲ್ ನಂಬರ್ ಅನ್ನು ಕಾರ್ಡ್ ನಂಬರ್ ಮಾಡಬೇಡಿ, ವರ್ಷ ವರ್ಷ ಬದಲಾಗುತ್ತದೆ. ವಿಶ್ವವಿದ್ಯಾಲಯದ ರಿಜಿಸ್ಟ್ರೇಶನ್ ನಂಬರ್ ಬರುವುದು ತಡ. ಪ್ರವೇಶದ ದಿನವೇ ಸಿಗುವ ಅಡ್ಮಿಷನ್ ನಂಬರ್ ಒಳ್ಳೆಯದು. ಹುಡುಗರು ಕಾರ್ಡ್ ಮರೆತು ಮೊಬೈಲ್‌ನಲ್ಲಿರುವ ಫೋಟೋ ತೋರಿಸುತ್ತಾರೆ. ಹಳೇ ಲೇಸರ್ ಸ್ಕ್ಯಾನರ್ ಮೊಬೈಲ್ ಪರದೆ ಓದುವುದಿಲ್ಲ. ಕ್ಯಾಮೆರಾ ಮಾದರಿಯ, ಅಂದರೆ ಇಮೇಜರ್ ಸ್ಕ್ಯಾನರ್ ಓದುತ್ತದೆ. ಸ್ಟ್ಯಾಂಡ್ ಇರುವ ಇಮೇಜರ್ ತಗೊಳ್ಳಿ. ಈ ಇಡೀ ಕೆಲಸದಲ್ಲಿ ಸ್ವಲ್ಪ ಕೈ ಬಿಚ್ಚಿ ಖರ್ಚು ಮಾಡಬೇಕಾದ ವಸ್ತು ಇದೊಂದೇ.

ಫೋಟೋ ಸೇರಿಸಿ. ಕೋಹಾದಲ್ಲಿ ಒಟ್ಟಿಗೇ ಹಾಕಬಹುದು: ಫೋಟೋಗಳು ಮತ್ತು ಯಾವ ಫೋಟೋ ಯಾವ ಕಾರ್ಡ್ ನಂಬರಿನದು ಎಂದು ಬರೆದ ಒಂದು ಟೆಕ್ಸ್ಟ್ ಫೈಲ್, ಎರಡನ್ನೂ ಒಂದು ಜಿಪ್ ಮಾಡಿ ಏರಿಸಿದರೆ ಆಯಿತು. ಗೆಳೆಯನ ಕಾರ್ಡ್ ತಂದವನ ಮುಂದೆ ಪರದೆ ಮೇಲೆ ಗೆಳೆಯನ ಮುಖ ಬಂದರೆ, ಹಿಂದೆ ನಿಂತವರು ನಗುತ್ತಾರೆ. ಅರ್ಧ ಕಳ್ಳಾಟ ಅಲ್ಲೇ ನಿಲ್ಲುತ್ತದೆ.

ನಿಯಮ, ಕ್ಯಾಲೆಂಡರ್

ಯಾರಿಗೆ ಎಷ್ಟು ಪುಸ್ತಕ, ಎಷ್ಟು ದಿನ, ದಂಡ ಎಷ್ಟು. ಇದು ಈಗ ನಿಮ್ಮ ತಲೆಯಲ್ಲಿದೆ. ಅಲ್ಲಿಂದ ತೆಗೆದು ಕೋಹಾದ ಸರ್ಕ್ಯುಲೇಶನ್ ನಿಯಮಗಳ ಕೋಷ್ಟಕಕ್ಕೆ ಹಾಕಬೇಕು. ಸದಸ್ಯರ ವರ್ಗ ಒಂದು ಕಡೆ, ಪುಸ್ತಕದ ಬಗೆ ಇನ್ನೊಂದು ಕಡೆ. ರೆಫರೆನ್ಸ್ ಪುಸ್ತಕಕ್ಕೆ ಕೊಡುವಂತಿಲ್ಲ ಎಂಬ ಗುರುತು ಹಾಕಿ. ಪರೀಕ್ಷೆ ಹೊತ್ತಿನಲ್ಲಿ ಎಲ್ಲರದ್ದೂ ಒಂದೇ ದಿನ ವಾಪಸ್ ಬರಬೇಕಾದರೆ 'ಹಾರ್ಡ್ ಡ್ಯೂ ಡೇಟ್' ಅಂತ ಜಾಗವಿದೆ, ಅಲ್ಲಿ ಆ ತಾರೀಖು ಬರೆಯಿರಿ.

ರಜಾ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತಿಸಲೇಬೇಕು. ಇಲ್ಲದಿದ್ದರೆ ಭಾನುವಾರಕ್ಕೂ ದಂಡ ಬೀಳುತ್ತದೆ, ದೀಪಾವಳಿ ದಿನಕ್ಕೂ ವಾಪಸ್ ತಾರೀಖು ಬರುತ್ತದೆ. ಮೊದಲ ವರ್ಷ ನಾನು ಭಾನುವಾರ, ಸರ್ಕಾರಿ ರಜೆ ಎಲ್ಲ ಹಾಕಿ ಊರ ಜಾತ್ರೆಯ ಸ್ಥಳೀಯ ರಜೆ ಮರೆತಿದ್ದೆ. ಒಬ್ಬ ಹುಡುಗ ಬಂದು "ಜಾತ್ರಿ ದಿನಾನೂ ಫೈನ್ ಹಾಕೀರಲ್ರಿ ಸರ" ಅಂದ. ಏನು ಹೇಳುವುದು, ತೆಗೆದುಹಾಕಿದೆ.

ಕಿಯೋಸ್ಕ್ ಕಟ್ಟುವುದು

ಇಷ್ಟಾದ ಮೇಲೆ ಕಿಯೋಸ್ಕ್. ಅರ್ಧ ದಿನದ ಕೆಲಸ, ನಿಜವಾಗಿಯೂ.

ಮೊದಲು ಕೋಹಾದಲ್ಲಿ ಕಿಯೋಸ್ಕ್‌ಗೆಂದೇ ಒಂದು ಬಳಕೆದಾರ ಖಾತೆ ಮಾಡಿ. ಅದಕ್ಕೆ ಸೆಲ್ಫ್ ಚೆಕ್ಔಟ್ ಅನುಮತಿ ಒಂದನ್ನೇ ಕೊಡಿ. ನಿಮ್ಮ ಸೂಪರ್ ಲೈಬ್ರೇರಿಯನ್ ಖಾತೆಯನ್ನು ಅಲ್ಲಿ ಕೂರಿಸಬೇಡಿ. ಕಿಯೋಸ್ಕ್ ಕಂಪ್ಯೂಟರ್ ಮುಂದೆ ದಿನಕ್ಕೆ ಎಷ್ಟು ಹುಡುಗರು ನಿಲ್ಲುತ್ತಾರೆ, ಅವರಲ್ಲಿ ಎಷ್ಟು ಜನ ಕಂಪ್ಯೂಟರ್ ಸೈನ್ಸ್‌ನವರು, ಯೋಚಿಸಿ.

ಆಮೇಲೆ ಸಿಸ್ಟಮ್ ಪ್ರಿಫರೆನ್ಸ್‌ನಲ್ಲಿ ಸೆಲ್ಫ್ ಚೆಕ್ ಅಂತ ಹುಡುಕಿದರೆ ಬೇಕಾದವೆಲ್ಲ ಒಂದೇ ಕಡೆ ಬರುತ್ತವೆ. 'ವೆಬ್ ಬೇಸ್ಡ್ ಸೆಲ್ಫ್ ಚೆಕ್' ಆನ್ ಮಾಡಿ. 'ಆಟೋ ಸೆಲ್ಫ್ ಚೆಕ್ ಅಲೌಡ್' ಆನ್ ಮಾಡಿ, ಅದರ ಕೆಳಗಿನ ಐಡಿ ಮತ್ತು ಪಾಸ್ ಜಾಗದಲ್ಲಿ ಈಗ ಮಾಡಿದ ಖಾತೆಯ ವಿವರ ಹಾಕಿ. ಹೀಗೆ ಮಾಡಿದರೆ ಬೆಳಿಗ್ಗೆ ಕಂಪ್ಯೂಟರ್ ಶುರು ಮಾಡಿದಾಗ ಯಾರೂ ಲಾಗಿನ್ ಆಗಬೇಕಿಲ್ಲ. 'ಸೆಲ್ಫ್ ಚೆಕ್ ಅಲೌ ಬೈ ಐಪಿ ರೇಂಜಸ್' ಎಂಬಲ್ಲಿ ಆ ಕಂಪ್ಯೂಟರ್‌ನ ಐಪಿ ವಿಳಾಸ ಮಾತ್ರ ಬರೆಯಿರಿ. ಬರೆಯದೆ ಬಿಟ್ಟರೆ ಹಾಸ್ಟೆಲ್‌ನಲ್ಲಿ ಕೂತು ಕೂಡ ಆ ಪುಟ ತೆರೆಯಬಹುದು.

'ಸೆಲ್ಫ್ ಚೆಕ್ಔಟ್ ಬೈ ಲಾಗಿನ್' ಎಂಬಲ್ಲಿ ಕಾರ್ಡ್ ಸ್ಕ್ಯಾನ್ ಸಾಕೋ, ಪಾಸ್‌ವರ್ಡ್ ಕೂಡ ಬೇಕೋ ಆರಿಸಬಹುದು. ಪಾಸ್‌ವರ್ಡ್ ಸುರಕ್ಷಿತ, ಆದರೆ 4 ಗಂಟೆಯ ಸಾಲಿನಲ್ಲಿ ಮರೆತ ಪಾಸ್‌ವರ್ಡ್ ನೆನಪಿಸಿಕೊಳ್ಳುತ್ತಾ ನಿಂತರೆ ಹಿಂದಿನವರ ಬಸ್ ಹೋಯಿತು. ನಾವು ಕಾರ್ಡ್ ಮಾತ್ರ ಇಟ್ಟು, ಫೋಟೋ ತೋರಿಸುವ ಸೆಟ್ಟಿಂಗ್ ಆನ್ ಮಾಡಿದೆವು.

'ಸೆಲ್ಫ್ ಚೆಕ್ ಟೈಮ್‌ಔಟ್' ನೋಡಿ. ಮೊದಲೇ ಇರುವ ಲೆಕ್ಕ 120 ಸೆಕೆಂಡ್. ಒಬ್ಬ ಮುಗಿಸಿ, ಬಟನ್ ಒತ್ತದೆ ಹೋದರೆ ಎರಡು ನಿಮಿಷ ಅವನ ಖಾತೆ ತೆರೆದೇ ಇರುತ್ತದೆ. ಮುಂದಿನವನ ಪುಸ್ತಕ ಇವನ ಹೆಸರಿಗೆ ಬೀಳುತ್ತದೆ. ನಮ್ಮಲ್ಲಿ ಮೊದಲ ವಾರದಲ್ಲೇ ಬಿತ್ತು, ಇಬ್ಬರೂ ಜಗಳ ತಗೊಂಡು ನನ್ನ ಹತ್ತಿರ ಬಂದರು. 20 ಸೆಕೆಂಡ್‌ಗೆ ಇಳಿಸಿ.

'ಸೆಲ್ಫ್ ಚೆಕ್ ಹೆಲ್ಪ್ ಮೆಸೇಜ್' ಜಾಗದಲ್ಲಿ ಕನ್ನಡದಲ್ಲೇ ಬರೆಯಿರಿ. ಕೋಹಾಗೆ ಕನ್ನಡ ಅನುವಾದ ಹಾಕಿಕೊಳ್ಳಬಹುದು, ಅಲ್ಲಲ್ಲಿ ಇಂಗ್ಲಿಷ್ ಉಳಿಯುತ್ತದೆ, ಪರವಾಗಿಲ್ಲ. ನಾವು ಬರೆದದ್ದು ಇಷ್ಟೇ: "ಮೊದಲು ನಿಮ್ಮ ಕಾರ್ಡ್. ಆಮೇಲೆ ಪುಸ್ತಕದ ಮುಂದಿನ ಚೀಟಿ. ಕೊನೆಗೆ ಮುಗಿಯಿತು ಒತ್ತಿ."

ಕಿಯೋಸ್ಕ್ ಕಂಪ್ಯೂಟರ್‌ನಲ್ಲಿ ಬ್ರೌಸರ್ ಅನ್ನು ಕಿಯೋಸ್ಕ್ ಮೋಡ್‌ನಲ್ಲಿ ತೆರೆಯುವಂತೆ ಮಾಡಿ. ಆಗ ವಿಳಾಸದ ಪಟ್ಟಿ, ಮುಚ್ಚುವ ಗುರುತು ಯಾವುದೂ ಕಾಣುವುದಿಲ್ಲ. ಕೀಬೋರ್ಡ್ ತೆಗೆದು ಮೌಸ್ ಮಾತ್ರ ಬಿಡಿ. ಸ್ಕ್ಯಾನರ್ ತಾನೇ ಒಂದು ಕೀಬೋರ್ಡ್ ತರ ಕೆಲಸ ಮಾಡುತ್ತದೆ, ನಂಬರ್ ಟೈಪ್ ಮಾಡಿ ಎಂಟರ್ ಒತ್ತುತ್ತದೆ. ಎಂಟರ್ ಒತ್ತದಿದ್ದರೆ ಅದರ ಕೈಪಿಡಿಯಲ್ಲಿ ಒಂದು ಬಾರ್‌ಕೋಡ್ ಇರುತ್ತದೆ, ಅದನ್ನು ಸ್ಕ್ಯಾನ್ ಮಾಡಿದರೆ ಶುರುವಾಗುತ್ತದೆ.

ಮೊದಲ ದಿನ ಕಂಡದ್ದು

ಉದ್ಘಾಟನೆ, ರಿಬ್ಬನ್ ಏನೂ ಬೇಡ ಎಂದು ಸುಮ್ಮನೆ ಒಂದು ಸೋಮವಾರ ಶುರು ಮಾಡಿದೆವು. ನಾನು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದೆ. ಬೀಳಗಿ ಬಸ್ಸಿನ ಒಬ್ಬ ಹುಡುಗಿ ಬಂದಳು. ಕಾರ್ಡ್ ತೋರಿಸಿದಳು, ಬೀಪ್ ಅಂತು, ಅವಳ ಫೋಟೋ ಬಂತು. ಪುಸ್ತಕ ತೋರಿಸಿದಳು, ಬೀಪ್ ಅಂತು, ಪರದೆ ಮೇಲೆ ಈ ಪುಸ್ತಕ ಇಲ್ಲ ಎಂಬ ಸಂದೇಶ. ಮತ್ತೆ ತೋರಿಸಿದಳು, ಮತ್ತೆ ಅದೇ. ನನ್ನ ಕಡೆ ನೋಡಿದಳು. ಇಡೀ ವರ್ಷದ ಕೆಲಸ ನೀರಲ್ಲಿ ಹೋಯಿತೇ ಎಂದು ನನ್ನ ಎದೆ ಧಸಕ್ ಎಂದಿತು.

ಹತ್ತಿರ ಹೋಗಿ ನೋಡಿದರೆ ಅವಳು ಪುಸ್ತಕದ ಹಿಂಬದಿ ತೋರಿಸುತ್ತಿದ್ದಾಳೆ. ಅಲ್ಲಿ ಪ್ರಕಾಶಕರು ಪ್ರಿಂಟ್ ಮಾಡಿದ ಐಎಸ್‌ಬಿಎನ್ ಬಾರ್‌ಕೋಡ್ ಇದೆ, 978ರಿಂದ ಶುರುವಾಗುವುದು. ಅಂಗಡಿಯಲ್ಲಿ ಬಿಸ್ಕೀಟ್ ಪ್ಯಾಕೆಟ್ ತಿರುಗಿಸಿ ಸ್ಕ್ಯಾನ್ ಮಾಡುವುದನ್ನು ನೋಡಿದವರೆಲ್ಲ ಸಹಜವಾಗಿ ಪುಸ್ತಕವನ್ನೂ ತಿರುಗಿಸುತ್ತಾರೆ. ಅವಳ ತಪ್ಪು ಏನಿಲ್ಲ. ನಾನು ಮುಂಭಾಗದ ಚೀಟಿ ತೋರಿಸಿದೆ, ಬೀಪ್ ಅಂತು, ಪುಸ್ತಕದ ಹೆಸರು ಬಂತು, ಓಡಿದಳು. ಅವತ್ತು ಸಂಜೆಯೇ ಸ್ಕ್ಯಾನರ್ ಪಕ್ಕ ಒಂದು ಹಳೇ ಪುಸ್ತಕದ ರಕ್ಷಾಪುಟ ಅಂಟಿಸಿ, ಮುಂದಿನ ಚೀಟಿಗೆ ಹಸಿರು ಬಾಣ, ಹಿಂದಿನದಕ್ಕೆ ಕೆಂಪು ಗೀಟು ಹಾಕಿದೆ. ಹೊಸ ಪುಸ್ತಕಗಳ ಹಿಂದಿನ ಬಾರ್‌ಕೋಡ್ ಮೇಲೆ ಗ್ರಂಥಾಲಯದ ಹೆಸರಿನ ಸ್ಟಿಕರ್ ಹಾಕುತ್ತೇವೆ. ಸೆಟ್ಟಿಂಗ್ ಬದಲಾಯಿಸುವುದಕ್ಕಿಂತ ಇದು ಬೇಗ ಕೆಲಸ ಮಾಡಿತು.

ಕಿಯೋಸ್ಕ್ ಜಾಗ ಬಾಗಿಲ ಹತ್ತಿರ, ಕೌಂಟರ್‌ನಿಂದ ಕಣ್ಣಿಗೆ ಬೀಳುವಂತೆ ಇರಲಿ. ಮೊದಲ ಹದಿನೈದು ದಿನ ಯಾರಾದರೂ ಪಕ್ಕದಲ್ಲೇ ನಿಲ್ಲಿ. ಆದರೆ ನೀವೇ ಕೈ ಹಾಕಿ ಮಾಡಿಕೊಡಬೇಡಿ, ಬಾಯಲ್ಲಿ ಹೇಳಿ. ಒಮ್ಮೆ ಮಾಡಿಕೊಟ್ಟರೆ ನಾಳೆಯೂ ನಿಮ್ಮನ್ನೇ ಕರೆಯುತ್ತಾರೆ. ಹಿರಿಯ ಅಧ್ಯಾಪಕರು ಕೌಂಟರ್‌ಗೇ ಬರುತ್ತೇನೆ ಎಂದರೆ ಬರಲಿ, ಕೌಂಟರ್ ಮುಚ್ಚಬೇಡಿ.

ವಾಪಸ್ ಪಡೆಯುವುದು

ಸೆಲ್ಫ್ ಚೆಕ್‌ಇನ್ ಪುಟವೂ ಕೋಹಾದಲ್ಲಿದೆ. ನಾನು ಅದನ್ನು ಇನ್ನೂ ಶುರು ಮಾಡಿಲ್ಲ. ಬಾರ್‌ಕೋಡ್‌ನಲ್ಲಿ ಒಂದು ತೊಂದರೆ ಇದೆ: ವಾಪಸ್ ಆಯಿತು ಎಂದು ಸ್ಕ್ಯಾನ್ ಮಾಡಿ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಹೋದರೆ ಕೇಳುವವರಿಲ್ಲ. ಅದರ ಬದಲು ಬಾಗಿಲ ಹೊರಗೆ ಒಂದು ಡಬ್ಬಿ ಇಡಿ. ಅಂಚೆ ಡಬ್ಬಿಯ ತರ, ಬಾಯಿ ಇಳಿಜಾರಾಗಿ, ಕೈ ಹಾಕಿ ಹೊರಗೆ ತೆಗೆಯಲು ಬಾರದಂತೆ. ತಳಕ್ಕೆ ಸ್ಪಂಜ್ ಹಾಸಿ, ಇಲ್ಲದಿದ್ದರೆ ಪುಸ್ತಕದ ಮೂಲೆಗಳು ಜಜ್ಜುತ್ತವೆ. ನಾವು ಊರಿನ ಬಡಗಿಯಿಂದ ಮಾಡಿಸಿದೆವು.

ಸೋಮವಾರ ಬೆಳಿಗ್ಗೆ ಡಬ್ಬಿ ಖಾಲಿ ಮಾಡಿ ವಾಪಸ್ ಹಾಕಿಕೊಳ್ಳುವಾಗ 'ಬುಕ್ ಡ್ರಾಪ್ ಮೋಡ್' ಟಿಕ್ ಮಾಡಿ. ಆಗ ಕೋಹಾ ಗ್ರಂಥಾಲಯ ಕೊನೆಯ ಬಾರಿ ತೆರೆದಿದ್ದ ದಿನವನ್ನೇ ವಾಪಸಿನ ದಿನ ಎಂದು ಹಿಡಿಯುತ್ತದೆ. ಶನಿವಾರ ಸಂಜೆ ಹಾಕಿದವನಿಗೆ ದಂಡ ಬೀಳುವುದಿಲ್ಲ. ಕ್ಯಾಲೆಂಡರ್ ಸರಿ ಇದ್ದರೆ ಮಾತ್ರ, ಅದಕ್ಕೇ ಮೊದಲೇ ಹೇಳಿದ್ದು.

ಕಳ್ಳತನ, ಮತ್ತು ಮುಂದೆ ಆರ್‌ಎಫ್‌ಐಡಿಗೆ ಹೋಗುವವರಿಗೆ

ಬಾರ್‌ಕೋಡ್ ಕಳ್ಳತನ ತಡೆಯುವುದಿಲ್ಲ. ನಾವು ಚೀಲಗಳನ್ನು ಹೊರಗಿಡಿಸುತ್ತೇವೆ, ಬಾಗಿಲಲ್ಲಿ ಅಟೆಂಡರ್ ಚೀಟಿ ನೋಡುತ್ತಾರೆ. ವರ್ಷದ ಸ್ಟಾಕ್ ವೆರಿಫಿಕೇಶನ್ ಈಗ ಸುಲಭ. ಕಪಾಟಿನ ಪುಸ್ತಕಗಳ ಬಾರ್‌ಕೋಡ್‌ಗಳನ್ನು ಸಾಲಾಗಿ ಒಂದು ಟೆಕ್ಸ್ಟ್ ಫೈಲ್‌ಗೆ ಸ್ಕ್ಯಾನ್ ಮಾಡಿ, ಕೋಹಾದ ಇನ್ವೆಂಟರಿ ಸಾಧನಕ್ಕೆ ಕೊಟ್ಟರೆ ಯಾವುದು ಇಲ್ಲ ಎನ್ನುವ ಪಟ್ಟಿ ಅದೇ ಕೊಡುತ್ತದೆ.

ಆರ್‌ಎಫ್‌ಐಡಿ ಮಾರುವವರು ಬಂದರೆ ಮೂರು ಪ್ರಶ್ನೆ ಕೇಳಿ. ಟ್ಯಾಗ್ ಐಎಸ್‌ಒ 15693 ಪ್ರಕಾರದ್ದೇ, 13.56 ಮೆಗಾಹರ್ಟ್ಸ್‌ನದೇ? ಟ್ಯಾಗ್‌ನೊಳಗೆ ಮಾಹಿತಿ ಬರೆಯುವ ರೀತಿ ಐಎಸ್‌ಒ 28560 ಪ್ರಕಾರ ಇದೆಯೇ? ನಮ್ಮ ಸಾಫ್ಟ್‌ವೇರ್ ಜೊತೆ ಎಸ್‌ಐಪಿ 2 ಎಂಬ ಸಂಪರ್ಕ ಪದ್ಧತಿಯ ಮೂಲಕ ಮಾತಾಡುತ್ತದೆಯೇ? ಮೂರಕ್ಕೂ ಬರಹದಲ್ಲಿ ಹೌದು ಎಂದರೆ ನಾಳೆ ಬೇರೆಯವರ ಯಂತ್ರ ತಂದರೂ ಇದೇ ಟ್ಯಾಗ್ ನಡೆಯುತ್ತದೆ. ಇಲ್ಲದಿದ್ದರೆ ಜೀವನಪೂರ್ತಿ ಅವರ ಹತ್ತಿರವೇ ಟ್ಯಾಗ್ ಕೊಳ್ಳಬೇಕು. ಮಾದರಿ ಟ್ಯಾಗ್ ಒಂದು ಇಸ್ಕೊಂಡು ಎನ್‌ಎಫ್‌ಸಿ ಇರುವ ಆಂಡ್ರಾಯ್ಡ್ ಮೊಬೈಲ್ ಹಿಂಭಾಗಕ್ಕೆ ಹಿಡಿಯಿರಿ. ಎನ್‌ಎಫ್‌ಸಿ ಓದುವ ಉಚಿತ ಆ್ಯಪ್ ಒಂದಿದ್ದರೆ 15693 ಟ್ಯಾಗ್ ಹೌದೋ ಅಲ್ಲವೋ ಅಲ್ಲೇ ತೋರಿಸುತ್ತದೆ. ಕಬ್ಬಿಣದ ರ‍್ಯಾಕ್‌ಗೆ ತಾಗಿದರೆ ಟ್ಯಾಗ್ ಸರಿಯಾಗಿ ಓದುವುದಿಲ್ಲ, ತೆಳು ಪುಸ್ತಕಗಳ ಟ್ಯಾಗ್ ಒಂದರ ಮೇಲೊಂದು ಬಂದರೂ ಓದುವುದಿಲ್ಲ. ಹಾಗಾಗಿ ಒಂದಕ್ಕೆ ಮೇಲೆ, ಒಂದಕ್ಕೆ ನಡುವೆ, ಒಂದಕ್ಕೆ ಕೆಳಗೆ ಎಂದು ಜಾಗ ಬದಲಿಸಿ ಅಂಟಿಸಬೇಕು.

ಕರೆಂಟ್, ಬ್ಯಾಕಪ್, ಧೂಳು

ಯುಪಿಎಸ್ ಸರ್ವರ್‌ಗೆ ಮಾತ್ರ ಕೊಟ್ಟು ನೆಟ್‌ವರ್ಕ್ ಸ್ವಿಚ್‌ಗೆ ಕೊಡಲು ಮರೆಯುತ್ತಾರೆ. ಕರೆಂಟ್ ಹೋದಾಗ ಸರ್ವರ್ ಜೀವಂತ, ಕಿಯೋಸ್ಕ್ ಜೀವಂತ, ನಡುವಿನ ದಾರಿ ಬಂದ್. ಮೂರಕ್ಕೂ ಕೊಡಿ. ಯುಪಿಎಸ್ಸೂ ಕೈಕೊಟ್ಟ ದಿನಕ್ಕೆ ಕಿಯೋಸ್ಕ್ ಪಕ್ಕ ಒಂದು ನೋಟ್‌ಬುಕ್ ಕಟ್ಟಿಡಿ. ಕಾರ್ಡ್ ನಂಬರ್, ಪುಸ್ತಕದ ನಂಬರ್, ಸಹಿ. ಕರೆಂಟ್ ಬಂದ ಮೇಲೆ ನೀವು ಹಾಕಿಕೊಳ್ಳಿ.

ಕೋಹಾ ದಿನಾ ರಾತ್ರಿ ತಾನೇ ಬ್ಯಾಕಪ್ ತೆಗೆಯುತ್ತದೆ, ಆದರೆ ಅದೇ ಕಂಪ್ಯೂಟರ್‌ನಲ್ಲಿ ಇಡುತ್ತದೆ, ಮತ್ತು ಬದಲಾಯಿಸದಿದ್ದರೆ ಎರಡು ದಿನದ್ದು ಮಾತ್ರ. ಡಿಸ್ಕ್ ಹೋದರೆ ಎರಡೂ ಹೋಯಿತು. ಪ್ರತಿ ಶನಿವಾರ ಎರಡು ಪೆನ್‌ಡ್ರೈವ್‌ಗಳಿಗೆ ಪ್ರತಿ ಮಾಡಿ, ಒಂದು ಆಫೀಸಿನ ಬೀರುವಿನಲ್ಲಿರಲಿ, ಒಂದು ನಿಮ್ಮ ಮನೆಯಲ್ಲಿರಲಿ. ವರ್ಷಕ್ಕೊಮ್ಮೆ ಬೇರೆ ಕಂಪ್ಯೂಟರ್‌ನಲ್ಲಿ ಆ ಬ್ಯಾಕಪ್ ತೆರೆದು ನೋಡಿ, ನಿಜವಾಗಿ ತೆರೆಯುತ್ತದೆಯೇ ಅಂತ.

ಸ್ಕ್ಯಾನರ್ ಓದುತ್ತಿಲ್ಲ ಎಂದು ದೂರು ಬಂದರೆ ಕಂಪನಿಗೆ ಫೋನ್ ಮಾಡುವ ಮೊದಲು ಅದರ ಗಾಜು ನೋಡಿ. ಬೇಸಿಗೆಯಲ್ಲಿ ನವನಗರದ ಕೆಂಪು ಧೂಳು ಮೂರೇ ದಿನಕ್ಕೆ ಕೂತುಬಿಡುತ್ತದೆ. ನಮ್ಮ ಅಟೆಂಡರ್ ಬೆಳಿಗ್ಗೆ ಕನ್ನಡಕ ಒರೆಸುವ ಬಟ್ಟೆಯಲ್ಲಿ ಮೊದಲು ತನ್ನ ಕನ್ನಡಕ ಒರೆಸುತ್ತಾರೆ, ಆಮೇಲೆ ಸ್ಕ್ಯಾನರ್.